ಉಷ್ಣವಲಯದ ಕಡಲಿನಲ್ಲಿ ಫ್ಲೈ ಫಿಶಿಂಗ್: ಊರಿಗಿಂತ ಮೊದಲು ವಾರವನ್ನು ಆರಿಸಿ

ಸೀಗಡಿಯನ್ನೋ ಹುಳುವನ್ನೋ ಕೊಕ್ಕೆಗೆ ಸಿಕ್ಕಿಸಿ ಕಾಯುತ್ತ ಕೂರುವ ಗಾಳಕ್ಕೂ ಫ್ಲೈ ಫಿಶಿಂಗ್‌ಗೂ ದೂರದ ನೆಂಟಸ್ತಿಕೆಯಷ್ಟೇ ಇದೆ. ಇಲ್ಲಿ ಕೊಕ್ಕೆಯ ಮೇಲೆ ಪುಕ್ಕ, ರೋಮ, ನೂಲುಗಳನ್ನು ಸುತ್ತಿ ಕಟ್ಟಿದ ಹುಸಿ ಆಹಾರವೊಂದಿರುತ್ತದೆ. ಅದನ್ನೇ ‘ಫ್ಲೈ’ ಎನ್ನುತ್ತಾರೆ. ಅದಕ್ಕೆ ಹೇಳಿಕೊಳ್ಳುವಂಥ ತೂಕವಿಲ್ಲದ ಕಾರಣ ದಪ್ಪನೆಯ ದಾರದ, ಅಂದರೆ ಲೈನಿನ, ಭಾರವನ್ನೇ ಗಾಳಿಯಲ್ಲಿ ಹಿಂದೆ ಮುಂದೆ ಬೀಸಿ ಅದನ್ನು ಮೀನಿನ ಮುಂದೆ ಇಳಿಸಬೇಕಾಗುತ್ತದೆ. ತೊರೆಗಳ ಟ್ರೌಟ್ ಮೀನಿಗಾಗಿ ಬೆಳೆದುಬಂದ ಈ ವಿದ್ಯೆ ಉಷ್ಣವಲಯದ ಕಡಲಿಗೆ ಬಂದಾಗ ಬೇಟೆಯ ರೂಪವನ್ನು ತಾಳುತ್ತದೆ. ಹವಳ ದ್ವೀಪಗಳ ಸುತ್ತ, ಮ್ಯಾಂಗ್ರೋವ್ ಕಾಡುಗಳ ಅಂಚಿನಲ್ಲಿ, ಪಾದ ಮುಳುಗುವಷ್ಟರಿಂದ ಸೊಂಟದ ಮಟ್ಟದವರೆಗಿನ ತಿಳಿನೀರಿನ ವಿಶಾಲ ಬಯಲುಗಳಿರುತ್ತವೆ. ಅವುಗಳಿಗೆ ‘ಫ್ಲ್ಯಾಟ್ಸ್’ ಎಂದು ಹೆಸರು. ಅಲ್ಲಿ ಮೀನನ್ನು ಮೊದಲು ಕಣ್ಣಾರೆ ಕಂಡು, ಅನಂತರ ಅದೊಂದಕ್ಕೇ ಗುರಿಯಿಟ್ಟು ಬೀಸುವುದು ರೂಢಿ.

ಇಂಥ ಪ್ರವಾಸಕ್ಕೆ ಹೊರಡುವವರಲ್ಲಿ ಹೆಚ್ಚಿನವರು ಮೊದಲು ಚಿತ್ರ ನೋಡಿ ದ್ವೀಪವನ್ನು ಆರಿಸುತ್ತಾರೆ, ಬಳಿಕ ರಜೆಗೆ ಹೊಂದುವ ದಿನಾಂಕವನ್ನು ಗುರುತಿಸುತ್ತಾರೆ, ಕೊನೆಗೆ ಯಾವ ಗೈಡ್ ಸಿಕ್ಕರೆ ಅವರನ್ನು ಒಪ್ಪಿಕೊಳ್ಳುತ್ತಾರೆ. ಈ ಕ್ರಮವನ್ನು ತಿರುಗಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಯಾವ ಮೀನು ಎಂಬುದನ್ನು ಮೊದಲು ನಿರ್ಧರಿಸಿ, ಆ ಮೀನಿಗೆ ತಕ್ಕ ವಾರವನ್ನು ಋತು ಮತ್ತು ಉಬ್ಬರವಿಳಿತಗಳ ಲೆಕ್ಕದಿಂದ ಹುಡುಕಿ, ಆ ವಾರದಲ್ಲಿ ಬಿಡುವಿರುವ ಒಳ್ಳೆಯ ಗೈಡ್ ಒಬ್ಬರನ್ನು ಗೊತ್ತುಮಾಡಿಕೊಂಡರೆ ಯಾವ ದ್ವೀಪ ಎಂಬ ಪ್ರಶ್ನೆ ಬಹುಮಟ್ಟಿಗೆ ತಾನಾಗಿಯೇ ಬಗೆಹರಿಯುತ್ತದೆ. ಈ ಕೆಲಸಕ್ಕೆ ಒಂದು ವರ್ಷದಷ್ಟು ಮುಂಚಿತವಾಗಿ ಕೈಹಾಕುವುದು ಅತಿಯೇನಲ್ಲ, ಏಕೆಂದರೆ ಹೆಸರುವಾಸಿಯಾದ ಗೈಡ್‌ಗಳ ಒಳ್ಳೆಯ ವಾರಗಳನ್ನು ಹಿಂದಿನ ವರ್ಷ ಬಂದವರೇ ಕಾದಿರಿಸಿಕೊಂಡು ಹೋಗಿರುತ್ತಾರೆ.

ಯಾವ ಮೀನು?

ಮೊದಲ ಬಾರಿ ಹೋಗುವವರಿಗೆ ಬೋನ್‌ಫಿಶ್ ಸೂಕ್ತ. ಸಾಮಾನ್ಯವಾಗಿ ಒಂದರಿಂದ ಮೂರು ಕಿಲೋ ತೂಗುವ ಈ ಬೆಳ್ಳಿಬಣ್ಣದ ಮೀನು ಗುಂಪುಗುಂಪಾಗಿ ಬಯಲಿಗೆ ಬಂದು, ತಲೆ ಕೆಳಗೆ ಮಾಡಿ ಮರಳನ್ನು ಕೆದಕುತ್ತ ಸೀಗಡಿ, ಏಡಿಗಳನ್ನು ಹುಡುಕುತ್ತದೆ. ನೀರು ತೀರ ಕಡಿಮೆಯಿದ್ದಾಗ ಅದರ ಬಾಲ ಮೇಲ್ಗಡೆ ಮಿನುಗುವುದೂ ಉಂಟು. ಬಹಾಮಾಸ್‌ನ ಆಂಡ್ರೋಸ್ ದ್ವೀಪ, ವೆನೆಜುವೆಲಾದ ಲಾಸ್ ರೋಕೆಸ್, ಪೆಸಿಫಿಕ್ ಸಾಗರದ ಕಿರಿಟಿಮಾಟಿ, ಹಿಂದೂ ಮಹಾಸಾಗರದ ಸೇಶೆಲ್ಸ್ ಇದಕ್ಕೆ ಪ್ರಸಿದ್ಧ. ದಿನಕ್ಕೆ ಹಲವು ಅವಕಾಶಗಳು ಸಿಗುವುದರಿಂದ ಬೆಳಗ್ಗೆ ಮಾಡಿದ ತಪ್ಪನ್ನು ಮಧ್ಯಾಹ್ನದ ವೇಳೆಗೆ ತಿದ್ದಿಕೊಳ್ಳಬಹುದು. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ.

ಪರ್ಮಿಟ್ ಎಂಬ ಮೀನು ಇದಕ್ಕೆ ತದ್ವಿರುದ್ಧ. ಬೆಲೀಜ್ ಮತ್ತು ಮೆಕ್ಸಿಕೊದ ಅಸೆನ್ಸಿಯಾನ್ ಕೊಲ್ಲಿಯಲ್ಲಿ ಅದು ಸಾಕಷ್ಟಿದ್ದರೂ, ಏಡಿಯಂತೆ ಕಟ್ಟಿದ ಫ್ಲೈಯ ಹತ್ತಿರಕ್ಕೆ ಬಂದು, ಮೂಸಿ ನೋಡಿದಂತೆ ನೋಡಿ, ಹೊರಟುಹೋಗುವುದೇ ಅದರ ಜಾಯಮಾನ. ಒಂದು ವಾರ ಬೀಸಿ ಒಂದೂ ಸಿಗದೆ ಮರಳಿದ ಅನುಭವಿಗಳು ಎಷ್ಟೋ ಮಂದಿ. ಟಾರ್ಪನ್ 100 ಪೌಂಡ್ ಮೀರಿ ಬೆಳೆಯಬಲ್ಲ, ಗಡುಸು ಬಾಯಿಯ, ಗಾಳಕ್ಕೆ ಸಿಕ್ಕೊಡನೆ ನೀರಿನಿಂದ ಮೇಲಕ್ಕೆ ಚಿಮ್ಮುವ ಮೀನು. ಫ್ಲಾರಿಡಾ ಕೀಸ್ ದ್ವೀಪಗಳ ಮೂಲಕ ದೊಡ್ಡ ಟಾರ್ಪನ್‌ಗಳ ವಲಸೆ ಏಪ್ರಿಲ್‌ನಿಂದ ಜೂನ್‌ವರೆಗೆ ಜೋರಾಗಿರುತ್ತದೆ. ಈ ಮೂರನ್ನೂ ಒಂದೇ ದಿನದಲ್ಲಿ ಹಿಡಿಯುವುದಕ್ಕೆ ‘ಗ್ರ್ಯಾಂಡ್ ಸ್ಲ್ಯಾಮ್’ ಎಂದು ಹೆಸರಿದೆ. ಮೊದಲ ಪ್ರವಾಸದಲ್ಲಿ ಅದನ್ನು ಗುರಿಯಾಗಿಸಿಕೊಂಡವರು ಬೋನ್‌ಫಿಶ್‌ಗಳನ್ನು ದಾಟಿ ಪರ್ಮಿಟ್ ಹುಡುಕುತ್ತ ದಿನಗಳನ್ನು ಕಳೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಅವಸರ. ಇನ್ನು ಜಯಂಟ್ ಟ್ರೆವಲಿ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರಗಳ ಮೀನು. ಸೇಶೆಲ್ಸ್‌ನ ಹೊರದ್ವೀಪಗಳಾದ ಕಾಸ್ಮೊಲೆಡೊ, ಫಾರ್ಕ್ವಾರ್, ಪ್ರಾವಿಡೆನ್ಸ್‌ಗಳಿಗೆ ಜನ ಹೋಗುವುದೇ ಅದಕ್ಕಾಗಿ. ಅದನ್ನು ಹಿಡಿಯಲು ನಾಜೂಕಿಗಿಂತ ತೋಳ್ಬಲ ಮತ್ತು ಗಟ್ಟಿ ಸಲಕರಣೆ ಹೆಚ್ಚು ಬೇಕು.

ಋತು, ಗಾಳಿ ಮತ್ತು ಉಬ್ಬರ

ವಾರವನ್ನು ಆರಿಸುವಾಗ ಮೊದಲು ಬಿರುಗಾಳಿಯ ಲೆಕ್ಕ ಹಾಕಬೇಕು. ಅಟ್ಲಾಂಟಿಕ್ ಮತ್ತು ಕೆರಿಬಿಯನ್ ಭಾಗದಲ್ಲಿ ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ ಎಂದು ಗಣನೆಯಿದ್ದು, ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಅವಧಿ ಅತ್ಯಂತ ಅಪಾಯಕಾರಿ. ಚಳಿಗಾಲ ಸುರಕ್ಷಿತವೆಂದು ತೋರಿದರೂ ಬಹಾಮಾಸ್‌ನಂಥ ಉತ್ತರದ ದ್ವೀಪಗಳಿಗೆ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಆಗಾಗ ಶೀತಗಾಳಿ ಬೀಸುತ್ತದೆ. ನೀರಿನ ಉಷ್ಣತೆ ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಬೋನ್‌ಫಿಶ್‌ಗಳು ಬಯಲನ್ನು ಬಿಟ್ಟು ಆಳಕ್ಕೆ ಸರಿಯುತ್ತವೆ. ಸೇಶೆಲ್ಸ್‌ನಲ್ಲಿ ಮೇಯಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯ ಮಾರುತಗಳು ಬಿಡದೆ ಬೀಸುವುದರಿಂದ ಹೊರದ್ವೀಪಗಳ ಮೀನುಗಾರಿಕೆ ಸ್ಥೂಲವಾಗಿ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ನಡೆಯುತ್ತದೆ. ಆದರೆ ಅಲ್ಲಿನ ಚಂಡಮಾರುತದ ತಿಂಗಳುಗಳೂ ಆಗಲೇ ಬರುತ್ತವೆ. 2016ರ ಏಪ್ರಿಲ್‌ನಲ್ಲಿ ಫಾಂಟಾಲಾ ಎಂಬ ಚಂಡಮಾರುತ ಫಾರ್ಕ್ವಾರ್ ದ್ವೀಪವನ್ನು ಧ್ವಂಸಗೊಳಿಸಿತ್ತು.

ಋತು ಗೊತ್ತಾದ ಮೇಲೆ ತಿಥಿ ನೋಡಬೇಕು. ಪಂಚಾಂಗ ನೋಡುವ ಅಭ್ಯಾಸವಿದ್ದವರಿಗೆ ಇದು ಸುಲಭವಾಗಿ ಮನವರಿಕೆಯಾದೀತು. ಅಮಾವಾಸ್ಯೆ ಮತ್ತು ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ಒಂದೇ ರೇಖೆಯಲ್ಲಿ ಕೂಡಿ ಉಬ್ಬರವೂ ಇಳಿತವೂ ಬಲವಾಗಿರುತ್ತವೆ. ಎರಡೂ ಪಕ್ಷಗಳ ಅಷ್ಟಮಿಯ ಸುಮಾರಿಗೆ ಏರಿಳಿತ ಮಂದವಾಗುತ್ತದೆ. ಬಲವಾದ ಉಬ್ಬರದ ದಿನಗಳಲ್ಲಿ ಬಯಲುಗಳು ಪೂರ್ತಿ ಒಣಗಿ, ಮತ್ತೆ ಬೇಗನೆ ಆಳವಾಗಿ ತುಂಬಿಬಿಡುವುದರಿಂದ ನಡೆದು ಮೀನು ಹುಡುಕುವ ಅವಧಿ ಚಿಕ್ಕದಾಗುತ್ತದೆ, ಆದರೆ ಕಾಲುವೆಗಳಲ್ಲಿ ಹರಿವು ಜೋರಾಗಿ ಟ್ರೆವಲಿಯಂಥ ಬೇಟೆಗಾರ ಮೀನುಗಳು ಚುರುಕಾಗುತ್ತವೆ. ಮಂದ ಉಬ್ಬರದ ದಿನಗಳಲ್ಲಿ ಬೋನ್‌ಫಿಶ್‌ಗೆ ಹಿತವಾದ ಮೊಣಕಾಲುದ್ದದ ನೀರು ಗಂಟೆಗಟ್ಟಲೆ ನಿಲ್ಲುತ್ತದೆ. ಇನ್ನೊಂದು ಸೂಕ್ಷ್ಮವಿದೆ: ಬಹಾಮಾಸ್‌ನಲ್ಲಿ ಬೋನ್‌ಫಿಶ್‌ಗಳು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ, ಹುಣ್ಣಿಮೆ ಅಮಾವಾಸ್ಯೆಗಳ ಹೊತ್ತಿಗೆ ಮೊಟ್ಟೆಯಿಡಲು ಗುಂಪುಗೂಡಿ ಆಳ ಕಡಲಿಗೆ ಹೋಗುತ್ತವೆ. ಆ ದಿನಗಳಲ್ಲಿ ದೊಡ್ಡ ಮೀನುಗಳು ಬಯಲಿನಲ್ಲಿ ಕಾಣದಿದ್ದರೆ ಗೈಡ್‌ನ ತಪ್ಪೇನಿಲ್ಲ.

ಉಬ್ಬರ ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೋಮವಾರ ಬೆಳಗ್ಗೆ ಏಳಕ್ಕೆ ಪೂರ್ಣ ಉಬ್ಬರವಿದ್ದರೆ ಭಾನುವಾರ ಅದು ಮಧ್ಯಾಹ್ನ ಹನ್ನೆರಡಕ್ಕೆ ಬಂದಿರುತ್ತದೆ. ಮೀನುಗಳು ಏರುವ ನೀರಿನೊಂದಿಗೆ ಬಯಲಿಗೆ ಬಂದು ಇಳಿಯುವ ನೀರಿನೊಂದಿಗೆ ಹಿಂದಿರುಗುತ್ತವೆ. ಅವುಗಳನ್ನು ಕಾಣಲು ಬಿಸಿಲು ತಲೆಯ ಮೇಲಿರಬೇಕು, ಅಂದರೆ ಹೆಚ್ಚುಕಡಿಮೆ ಒಂಬತ್ತರಿಂದ ಮೂರರೊಳಗೆ. ಆದ್ದರಿಂದ ನೀರಿನ ಒಳ್ಳೆಯ ಗಳಿಗೆಯೂ ಬೆಳಕಿನ ಒಳ್ಳೆಯ ಗಳಿಗೆಯೂ ಹೆಚ್ಚು ದಿನ ಒಟ್ಟಿಗೆ ಬೀಳುವ ವಾರವನ್ನೇ ಹುಡುಕಬೇಕು. ಉಬ್ಬರದ ಪಟ್ಟಿ ಬಹು ಮುಂಚಿತವಾಗಿಯೇ ಪ್ರಕಟವಾಗಿರುತ್ತದೆ. ಅದನ್ನು ಮುದ್ರಿಸಿಕೊಂಡು ಗುರುತು ಹಾಕಿ ಗೈಡ್‌ಗೆ ಕಳುಹಿಸಿ, ‘ಈ ಎರಡು ವಾರಗಳಲ್ಲಿ ನಿಮ್ಮ ಬಯಲುಗಳಿಗೆ ಯಾವುದು ಒಳ್ಳೆಯದು?’ ಎಂದು ಕೇಳಿದರೆ, ಬರುವ ಉತ್ತರದಿಂದಲೇ ಅವರ ಅನುಭವವನ್ನು ಅಳೆಯಬಹುದು. ಬೆಲೀಜ್, ಅಸೆನ್ಸಿಯಾನ್ ಕೊಲ್ಲಿಗಳಲ್ಲಿ ಮಾತ್ರ ಏರಿಳಿತ ಅರ್ಧ ಮೀಟರಿಗೂ ಕಡಿಮೆಯಾದ್ದರಿಂದ, ಅಲ್ಲಿ ತಿಥಿಗಿಂತ ಗಾಳಿಯ ದಿಕ್ಕೇ ಎಷ್ಟೋ ಸಲ ನೀರಿನ ಮಟ್ಟವನ್ನು ನಿರ್ಧರಿಸುತ್ತದೆ.

ಗೈಡ್‌ಗೆ ಕೇಳಬೇಕಾದ ಪ್ರಶ್ನೆಗಳು

ಒಂದು ದೋಣಿಗೆ ಎಷ್ಟು ಮಂದಿ ಎಂಬುದನ್ನು ಮೊದಲು ಕೇಳಿ. ಸ್ಕಿಫ್ ಎಂಬ ಚಪ್ಪಟೆ ತಳದ ದೋಣಿಯಲ್ಲಿ ಸಾಮಾನ್ಯವಾಗಿ ಇಬ್ಬರು ಹೋಗುತ್ತಾರೆ. ಹಿಂಬದಿಯ ಎತ್ತರದ ಕಟ್ಟೆಯ ಮೇಲೆ ನಿಂತ ಗೈಡ್ ಉದ್ದನೆಯ ಜಲ್ಲೆಯಿಂದ ದೋಣಿಯನ್ನು ಸದ್ದಿಲ್ಲದೆ ತಳ್ಳುತ್ತಿದ್ದರೆ, ಮುಂಬದಿಯಲ್ಲಿ ನಿಂತು ಬೀಸುವ ಸರದಿ ಒಬ್ಬರಿಗೆ ಮಾತ್ರ ಬರುತ್ತದೆ. ಆರು ದಿನಕ್ಕೆ ದುಡ್ಡು ಕೊಟ್ಟವರಿಗೆ ದಕ್ಕುವುದು ಮೂರು ದಿನದ ಬೀಸು ಎಂದಾಯಿತು. ನೀರಿನಲ್ಲಿ ನಡೆದು ಹಿಡಿಯುವ ಜಾಗಗಳಲ್ಲಿಯೂ ಒಬ್ಬ ಗೈಡ್‌ನ ಪಾಲಿಗೆ ಎಷ್ಟು ಜನ ಎಂಬುದು ಇಷ್ಟೇ ಮುಖ್ಯ. ಮೊದಲ ಪ್ರವಾಸಿಗರಿಗೆ ಒಬ್ಬರಿಗೆ ಒಬ್ಬ ಗೈಡ್ ಇದ್ದು ನಾಲ್ಕೇ ದಿನವಾದರೂ, ಹಂಚಿಕೊಂಡ ಆರು ದಿನಕ್ಕಿಂತ ಅದು ಹೆಚ್ಚು ಕಲಿಸುತ್ತದೆಂದು ನಾನು ಹೇಳುತ್ತೇನೆ.

ದಿನಕ್ಕೆ ನೀರಿನ ಮೇಲೆ ನಿಜವಾಗಿ ಎಷ್ಟು ಗಂಟೆ, ವಸತಿಯಿಂದ ಬಯಲಿಗೆ ದೋಣಿಯ ಪ್ರಯಾಣ ಎಷ್ಟು ಹೊತ್ತು, ಗಾಳಿ ಜೋರಾದರೆ ಮರೆಯಲ್ಲಿ ಬೀಸಲು ಬೇರೆ ಜಾಗಗಳಿವೆಯೇ, ಹವೆ ಕೆಟ್ಟು ದಿನ ಪೂರ್ತಿ ಹೋದರೆ ಹಣದ ವ್ಯವಸ್ಥೆ ಏನು ಎಂಬುದನ್ನೆಲ್ಲ ಬರಹದಲ್ಲಿ ಪಡೆದುಕೊಳ್ಳಬೇಕು. ಪರವಾನಗಿ ಯಾರ ಹೊಣೆ ಎಂಬುದನ್ನೂ ಕೇಳಬೇಕು. ಬೆಲೀಜ್‌ನಲ್ಲಿ ಬೋನ್‌ಫಿಶ್, ಪರ್ಮಿಟ್, ಟಾರ್ಪನ್‌ಗಳನ್ನು ಹಿಡಿದು ಬಿಡಲೇಬೇಕೆಂಬ ಕಾನೂನು 2009ರಿಂದಲೇ ಇದೆ. ಅಸೆನ್ಸಿಯಾನ್ ಕೊಲ್ಲಿ ಸಿಯಾನ್ ಕಾನ್ ಎಂಬ ಸಂರಕ್ಷಿತ ಜೀವಗೋಲದೊಳಗಿದೆ. ಪ್ರತಿ ಜಾಗಕ್ಕೂ ಇಂಥ ನಿಯಮಗಳಿರುತ್ತವೆ, ಅವುಗಳನ್ನು ನೇರವಾಗಿ ಹೇಳದೆ ಜಾರಿಕೊಳ್ಳುವ ಗೈಡ್‌ಗಳಿಂದ ದೂರವಿರುವುದು ಲೇಸು. ದೋಣಿಯಲ್ಲಿ ರೇಡಿಯೊ ಅಥವಾ ಉಪಗ್ರಹ ಫೋನ್ ಇದೆಯೇ, ಹತ್ತಿರದ ವೈದ್ಯರು ಎಷ್ಟು ದೂರದಲ್ಲಿದ್ದಾರೆ ಎಂದು ಕೇಳಲು ಸಂಕೋಚ ಬೇಡ.

ಗೈಡ್ ಕೂಡ ನಿಮ್ಮ ಬಗ್ಗೆ ತಿಳಿದಿರಬೇಕು. ಗಾಳಿಯಲ್ಲಿ ಎಷ್ಟು ಅಡಿ ಬೀಸಬಲ್ಲಿರಿ, ಮೊಣಕಾಲಿನ ನೋವಿದೆಯೇ, ಗಂಟೆಗಟ್ಟಲೆ ನೀರಿನಲ್ಲಿ ನಡೆಯಬಲ್ಲಿರೇ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯಿರಿ. ಮೂವತ್ತು ಅಡಿ ಬೀಸುವವರು ಎಪ್ಪತ್ತು ಎಂದು ಬರೆದರೆ ಮೊದಲ ದಿನ ಬೆಳಗ್ಗೆ ಹತ್ತು ನಿಮಿಷದಲ್ಲಿ ಅದು ಬಯಲಾಗುತ್ತದೆ, ಮತ್ತು ಆ ಸುಳ್ಳಿನ ಆಧಾರದ ಮೇಲೆ ಹಾಕಿದ ವಾರದ ಯೋಜನೆಯೂ ಹಾಳಾಗುತ್ತದೆ.

ಪ್ರಯಾಣ ಮತ್ತು ವಿಮೆ

ದೂರದ ಹವಳ ದ್ವೀಪಗಳಿಗೆ ವಿಮಾನಗಳು ವಿರಳ. ಕಿರಿಬಾಟಿ ದೇಶದ ಕಿರಿಟಿಮಾಟಿಗೆ ವಿಮಾನ ತಪ್ಪಿದರೆ ಮುಂದಿನದು ಮರುದಿನ ಸಿಗುವುದಿಲ್ಲ. ಅಲ್ಲಿನ ಭಾಷೆಯಲ್ಲಿ ‘ಟಿ’ ಎಂದು ಬರೆದದ್ದನ್ನು ‘ಸ್’ ಎಂದು ಓದುವುದರಿಂದ ಆ ಹೆಸರಿನ ಉಚ್ಚಾರ ‘ಕಿರಿಸ್ಮಸ್’ಗೆ ಹತ್ತಿರವಾದದ್ದು, ಅಂದರೆ ಕ್ರಿಸ್‌ಮಸ್. ಆ ದ್ವೀಪದ ಗಡಿಯಾರ ಹವಾಯಿಯ ಗಡಿಯಾರದಷ್ಟೇ ಹೊತ್ತನ್ನು ತೋರಿಸಿದರೂ ದಿನಾಂಕ ಮಾತ್ರ ಒಂದು ದಿನ ಮುಂದಿರುತ್ತದೆ. ಹೊನೊಲುಲು ಮೂಲಕ ಹೋಗುವವರು ವಸತಿಯ ದಿನಾಂಕಗಳನ್ನು ಎರಡು ಸಲ ಎಣಿಸಿಕೊಳ್ಳಬೇಕು. ಅಮೆರಿಕದಲ್ಲಿ ವಿಮಾನ ಬದಲಿಸುವುದಕ್ಕಷ್ಟೇ ಇಳಿದರೂ ಹಲವು ದೇಶಗಳ ಪ್ರಜೆಗಳಿಗೆ ಅಲ್ಲಿನ ವೀಸಾ ಬೇಕಾಗುತ್ತದೆಂಬುದನ್ನು ಮರೆತು ತೊಂದರೆಗೆ ಸಿಕ್ಕಿದವರಿದ್ದಾರೆ. ಮೀನು ಹಿಡಿಯುವ ಮೊದಲ ದಿನಕ್ಕಿಂತ ಒಂದು ರಾತ್ರಿ ಮುಂಚೆಯೇ ತಲುಪುವಂತೆ ಟಿಕೆಟ್ ತೆಗೆಸಿದರೆ ತಡವಾದ ಸಾಮಾನಿಗೂ ಸಮಯ ಸಿಗುತ್ತದೆ.

ಕೊನೆಯ ಹಂತದ ಪುಟ್ಟ ವಿಮಾನಗಳಲ್ಲಿ ಸಾಮಾನಿನ ತೂಕಕ್ಕೆ ಬಿಗಿಯಾದ ಮಿತಿಯಿರುತ್ತದೆ. ಗಟ್ಟಿ ಸೂಟ್‌ಕೇಸ್ ಬಿಟ್ಟು ಮೆತ್ತನೆಯ ಚೀಲ ಒಯ್ಯಿರಿ. ನಾಲ್ಕು ತುಂಡಿನ ರಾಡ್‌ಗಳು (ಗಾಳದ ಕೋಲುಗಳು) ಮತ್ತು ಲೈನ್ ಸುತ್ತುವ ರೀಲ್‌ಗಳು, ವಿಮಾನ ಸಂಸ್ಥೆ ಒಪ್ಪಿದರೆ, ಕೈಚೀಲದಲ್ಲಿರಲಿ. ಕೊಕ್ಕೆ, ಇಕ್ಕಳಗಳು ದೊಡ್ಡ ಚೀಲಕ್ಕೆ ಹೋಗಲಿ. ವಿಮೆ ಕೊಳ್ಳುವಾಗ ಪ್ರವಾಸ ರದ್ದತಿಯ ಜೊತೆಗೆ ರೋಗಿಯನ್ನು ದ್ವೀಪದಿಂದ ಆಸ್ಪತ್ರೆಗೆ ವಿಮಾನದಲ್ಲಿ ಸಾಗಿಸುವ ವೆಚ್ಚವೂ ಸೇರಿದೆಯೇ ಎಂದು ನೋಡಿಕೊಳ್ಳಿ.

ಅಭ್ಯಾಸ: ಹೊರಡುವ ಮುನ್ನ ಎರಡು ತಿಂಗಳು

ಪ್ರವಾಸದ ಎಲ್ಲ ಖರ್ಚುಗಳಲ್ಲಿ ಬಿಟ್ಟಿಯಾಗಿ ಸಿಗುವುದು ಅಭ್ಯಾಸವೊಂದೇ, ಮತ್ತು ಜನ ಬಿಟ್ಟುಬಿಡುವುದೂ ಅದನ್ನೇ. ಫ್ಲ್ಯಾಟ್ಸ್‌ನಲ್ಲಿ ನೂರು ಅಡಿ ಬೀಸುವ ಅಗತ್ಯ ಅಪರೂಪ. ನಲವತ್ತರಿಂದ ಅರವತ್ತು ಅಡಿ ದೂರಕ್ಕೆ, ಎದುರು ಗಾಳಿಯಲ್ಲಿ, ಒಂದೆರಡು ಬೀಸಿನಲ್ಲೇ, ಮೀನು ಕಂಡ ಹತ್ತು ಸೆಕೆಂಡಿನೊಳಗೆ ಫ್ಲೈಯನ್ನು ಇಳಿಸಬೇಕಾಗುತ್ತದೆ. ಅದಕ್ಕಾಗಿ ಊರಿನ ಮೈದಾನದಲ್ಲಿ ಮೀಟರ್ ಅಗಲದ ಬಳೆಗಳನ್ನು ಬೇರೆ ಬೇರೆ ದೂರದಲ್ಲಿಟ್ಟು, ಕೊಕ್ಕೆಯ ತುದಿ ಕತ್ತರಿಸಿದ ಫ್ಲೈಯನ್ನು ಕೈಯಲ್ಲಿ ಹಿಡಿದು, ರಾಡಿನ ತುದಿಯಿಂದ ಹತ್ತಡಿ ಲೈನನ್ನು ಹೊರಗೆ ಬಿಟ್ಟುಕೊಂಡು ನಿಲ್ಲಿ. ಜೊತೆಗಾರರೊಬ್ಬರು ‘ಹತ್ತು ಗಂಟೆ, ನಲವತ್ತು ಅಡಿ’ ಎಂದು ಕೂಗಿದೊಡನೆ ಬೀಸಿ. ಗೈಡ್‌ಗಳು ದಿಕ್ಕು ಹೇಳುವುದೂ ಹೀಗೆಯೇ: ದೋಣಿಯ ಮೂತಿಯೇ ಹನ್ನೆರಡು ಗಂಟೆ, ಬಲಗಡೆ ನೇರಕ್ಕೆ ಮೂರು, ಎಡಗಡೆ ಒಂಬತ್ತು.

ಗಾಳಿಯಿಲ್ಲದ ಮುಂಜಾನೆಯನ್ನು ಆರಿಸಿ ಅಭ್ಯಾಸ ಮಾಡಿದರೆ ಪ್ರಯೋಜನ ಕಡಿಮೆ. ಬಲಗೈಯವರಿಗೆ ಬಲಗಡೆಯ ಗಾಳಿ ಫ್ಲೈಯನ್ನು ಮೈಮೇಲೆಯೇ ತಂದು ಹಾಕುತ್ತದೆ. ಆಗ ತಿರುಗಿ ನಿಂತು ಹಿಂಬೀಸನ್ನೇ ಮೀನಿನ ಕಡೆಗೆ ಬಿಡುವ ರೀತಿಯನ್ನು ಕಲಿತಿರಬೇಕು. ಎಡಗೈಯಿಂದ ಲೈನನ್ನು ಎಳೆದು ಬೀಸಿನ ವೇಗ ಹೆಚ್ಚಿಸುವ ‘ಡಬಲ್ ಹಾಲ್’ ಇಲ್ಲದೆ ಕಡಲ ಗಾಳಿಯನ್ನು ಸೀಳುವುದು ಕಷ್ಟ. ಎಲ್ಲಕ್ಕಿಂತ ಹೆಚ್ಚಾಗಿ ಮರೆಯಬೇಕಾದದ್ದು ಟ್ರೌಟ್ ಮೀನಿನ ಅಭ್ಯಾಸ: ಮೀನು ಕಚ್ಚಿದೊಡನೆ ರಾಡನ್ನು ಮೇಲಕ್ಕೆತ್ತಿದರೆ ಫ್ಲೈ ಅದರ ಬಾಯಿಯಿಂದ ಜಾರಿಹೋಗುತ್ತದೆ. ರಾಡನ್ನು ನೀರಿನ ಕಡೆಗೆ ತಗ್ಗಿಸಿಯೇ ಇಟ್ಟು, ಲೈನಿನ ಕೈಯನ್ನು ನೀಳವಾಗಿ ಹಿಂದಕ್ಕೆಳೆದು ಕೊಕ್ಕೆಯನ್ನು ನಾಟಿಸಬೇಕು. ಮಾತಿನಲ್ಲಿ ಸುಲಭವಾಗಿ ಕಾಣುವ ಇದು, ಮೀನು ಕಣ್ಣೆದುರಿಗೇ ಬಾಯಿ ತೆರೆದಾಗ ಮರೆತುಹೋಗುತ್ತದೆ. ಆದ್ದರಿಂದ ಗೆಳೆಯರ ಕೈಗೆ ಲೈನಿನ ತುದಿ ಕೊಟ್ಟು, ಅವರು ಜಗ್ಗಿದಾಗಲೆಲ್ಲ ಕೈಯೆಳೆತವೇ ಬರುವವರೆಗೆ ಅಭ್ಯಾಸ ಮಾಡಿ.

ಸಲಕರಣೆ

ಬೋನ್‌ಫಿಶ್‌ಗೆ ಒಂಬತ್ತಡಿಯ 8ನೇ ತೂಕದ ರಾಡ್ (ಈ ಅಂಕಿ ಅದಕ್ಕೆ ಹೊಂದುವ ಲೈನಿನ ಭಾರವನ್ನು ಸೂಚಿಸುತ್ತದೆ), ಪರ್ಮಿಟ್‌ಗೆ 9 ಅಥವಾ 10, ದೊಡ್ಡ ಟಾರ್ಪನ್‌ಗೂ ಟ್ರೆವಲಿಗೂ 11 ಅಥವಾ 12 ಸಾಕು. ರೀಲಿನ ಡ್ರ್ಯಾಗ್, ಅಂದರೆ ಓಡುವ ಮೀನಿಗೆ ತಡೆಯೊಡ್ಡುವ ಬ್ರೇಕು, ಉಪ್ಪುನೀರು ಒಳನುಗ್ಗದಂತೆ ಮುಚ್ಚಿರಬೇಕು, ಲೈನಿನ ಹಿಂಬದಿಯಲ್ಲಿ ಸುಮಾರು ಇನ್ನೂರು ಗಜ ಬ್ಯಾಕಿಂಗ್ ಎಂಬ ಹೆಚ್ಚುವರಿ ದಾರ ಇರಬೇಕು. ತಣ್ಣೀರಿನ ಲೈನುಗಳು ಉಷ್ಣವಲಯದ ಬಿಸಿಲಿನಲ್ಲಿ ಮೆತ್ತಗಾಗಿ ಅಂಟಿಕೊಳ್ಳುವುದರಿಂದ ಉಷ್ಣವಲಯಕ್ಕೆಂದೇ ತಯಾರಿಸಿದ ಲೈನನ್ನು ಕೊಳ್ಳಬೇಕು. ಲೈನಿನ ತುದಿಯನ್ನು ಫ್ಲೈಗೆ ಜೋಡಿಸುವ ತೆಳುದಾರವಾದ ಲೀಡರ್‌ನ ಬಲ ಬೋನ್‌ಫಿಶ್‌ಗೆ 10ರಿಂದ 16 ಪೌಂಡ್ ಇದ್ದರೆ ಟ್ರೆವಲಿಗೆ ನೂರಕ್ಕೂ ಮೇಲೆ. ಫ್ಲೈಗಳನ್ನು ಗೈಡ್ ಕಳುಹಿಸಿದ ಪಟ್ಟಿಯಂತೆ ಕೊಳ್ಳಿ. ಕ್ರೇಜಿ ಚಾರ್ಲಿ, ಗಾಚಾ, ಕ್ಲೌಸರ್ ಮಿನ್ನೋ ಮುಂತಾದವು ಎಲ್ಲೆಡೆ ನಡೆಯುತ್ತವಾದರೂ, ನೀರಿನ ಆಳಕ್ಕೆ ತಕ್ಕಂತೆ, ಫ್ಲೈಗೆ ಕಣ್ಣಿನಂತೆ ಕಟ್ಟುವ ಮಣಿಗಳ ಭಾರ ಬೇರೆ ಬೇರೆಯಾಗಿರುವ ಫ್ಲೈಗಳಿರಬೇಕು.

ರಾಡಿಗಿಂತ ಮುಖ್ಯವಾದ ಸಲಕರಣೆ ಪೋಲರಾಯ್ಡ್ ಕನ್ನಡಕ. ನೀರಿನ ಮೇಲಿನ ಹೊಳಪನ್ನು ಕತ್ತರಿಸದ ಕನ್ನಡಕದಲ್ಲಿ ಮೀನು ಕಾಣುವುದೇ ಇಲ್ಲ. ಆಳವಿಲ್ಲದ ನೀರಿಗೆ ತಾಮ್ರದ ಬಣ್ಣದ ಗಾಜು ಹಿತ. ಒಂದು ಮುರಿದರೆಂದು ಇನ್ನೊಂದನ್ನು ಇಟ್ಟುಕೊಳ್ಳಿ. ತುಂಬುತೋಳಿನ ಅಂಗಿ, ಕುತ್ತಿಗೆ ಮುಚ್ಚುವ ಬಟ್ಟೆ, ಹವಳದ ಚೂಪು ತಡೆಯುವ ಗಟ್ಟಿ ಅಡಿಯ ಬೂಟು ಬೇಕೇ ಬೇಕು.

ನೀರಿನ ಮೇಲೆ

ಮೊದಲ ಬೆಳಗ್ಗೆ, ಮೀನು ಹುಡುಕುವುದಕ್ಕೆ ಮುನ್ನ, ಗೈಡ್‌ನ ಎದುರು ನಾಲ್ಕಾರು ಸಲ ಬೀಸಿ ತೋರಿಸಿ ‘ಇದನ್ನು ನೀವು ಎಷ್ಟು ಅಡಿ ಎನ್ನುತ್ತೀರಿ?’ ಎಂದು ಕೇಳಿ. ಅವರ ನಲವತ್ತಕ್ಕೂ ನಿಮ್ಮ ನಲವತ್ತಕ್ಕೂ ಹತ್ತಡಿ ವ್ಯತ್ಯಾಸವಿದ್ದರೆ ಆಮೇಲಿನ ಪ್ರತಿ ಕೂಗೂ ವ್ಯರ್ಥವಾಗುತ್ತದೆ. ಅವರು ತೋರಿಸಿದ ಮೀನು ಕಾಣದಿದ್ದರೆ ‘ಕಾಣಲಿಲ್ಲ’ ಎಂದೇ ಹೇಳಿ. ರಾಡನ್ನು ಆ ದಿಕ್ಕಿಗೆ ಚಾಚಿದರೆ ‘ಇನ್ನೂ ಎಡಕ್ಕೆ, ಸಾಕು’ ಎಂದು ಅವರೇ ತಿದ್ದುತ್ತಾರೆ. ನೀರಿನಲ್ಲಿ ನಡೆಯುವಾಗ ಪಾದಗಳನ್ನು ಎತ್ತಿ ಇಡದೆ ಮರಳಿನ ಮೇಲೆ ಸವರುತ್ತ ಸಾಗಬೇಕು. ಮರಳಿನಲ್ಲಿ ಹುದುಗಿರುವ ತೊರಕೆ ಮೀನು ಆ ಕಂಪನಕ್ಕೆ ದೂರ ಸರಿಯುತ್ತದೆ, ತುಳಿದರೆ ಬಾಲದ ಮುಳ್ಳಿನಿಂದ ಚುಚ್ಚುತ್ತದೆ.

ಕೊಕ್ಕೆಯ ಗರಗಸದಂಥ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿಬಿಟ್ಟಿರಬೇಕು. ಮೀನನ್ನು ಬೇಗ ಹತ್ತಿರಕ್ಕೆ ತಂದು, ಕೈ ಒದ್ದೆ ಮಾಡಿಕೊಂಡು, ಅದು ನೀರಿನೊಳಗಿದ್ದಾಗಲೇ ಕೊಕ್ಕೆ ಬಿಡಿಸಿ. ಚಿತ್ರ ಬೇಕಾದರೆ ಕ್ಯಾಮೆರಾ ಸಿದ್ಧವಾದ ಮೇಲೆಯೇ ಮೀನನ್ನು ಎತ್ತಿ, ನಾಲ್ಕೈದು ಸೆಕೆಂಡಿನಲ್ಲಿ ಇಳಿಸಿ. ಸುಸ್ತಾಗಿ ಸಮತೋಲ ತಪ್ಪಿದ ಬೋನ್‌ಫಿಶ್ ಶಾರ್ಕ್ ಮತ್ತು ಬರಾಕುಡಗಳಿಗೆ ಸುಲಭದ ತುತ್ತು. ಸುತ್ತ ಶಾರ್ಕ್ ಸುಳಿದಾಡುತ್ತಿದ್ದರೆ ಆ ಬಯಲನ್ನು ಬಿಟ್ಟು ಬೇರೆಡೆಗೆ ಹೋಗೋಣವೆಂದು ನೀವೇ ಗೈಡ್‌ಗೆ ಹೇಳಬಹುದು.

ಸಂಜೆ ವಸತಿಗೆ ಮರಳಿದ ಮೇಲೆ ರಾಡ್, ರೀಲ್, ಇಕ್ಕಳಗಳನ್ನು ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು, ಡ್ರ್ಯಾಗನ್ನು ಸಡಿಲಿಸಿ ಇಡಿ. ನೀರನ್ನು ರಭಸವಾಗಿ ಹಾಯಿಸಿದರೆ ಉಪ್ಪು ರೀಲಿನ ಒಳಗೇ ಸೇರುತ್ತದೆ. ಆಮೇಲೆ ಐದು ನಿಮಿಷ ಕೂತು ಒಂದು ಟಿಪ್ಪಣಿ ಪುಸ್ತಕದಲ್ಲಿ ದಿನಾಂಕ, ಉಬ್ಬರದ ಹೊತ್ತು, ಗಾಳಿಯ ದಿಕ್ಕು, ಮೀನು ಕಂಡ ಗಂಟೆ, ತಿನ್ನದೆ ತಿರುಗಿಹೋದ ಮೀನಿನ ಮುಂದೆ ಇದ್ದ ಫ್ಲೈ ಯಾವುದು ಎಂಬುದನ್ನು ಬರೆದಿಡಿ. ಕೊನೆಯ ದಿನ ಆ ಪುಟಗಳನ್ನು ಗೈಡ್‌ನ ಮುಂದಿಟ್ಟು, ಮುಂದಿನ ವರ್ಷದ ಉಬ್ಬರದ ಪಟ್ಟಿಯಲ್ಲಿ ಯಾವ ವಾರಕ್ಕೆ ಗುರುತು ಹಾಕುತ್ತೀರಿ ಎಂದು ಕೇಳಿ. ಅವರು ಗುರುತಿಸಿದ ವಾರ ಇನ್ನೂ ಖಾಲಿಯಿದ್ದರೆ ಅಲ್ಲಿಂದ ಹೊರಡುವ ಮುನ್ನವೇ ಕಾದಿರಿಸಿಕೊಳ್ಳಿ.